ಅಂಚಿಗೊಂದು ಪಟ್ಟಿ

ಈಗ ವಿಜಯಪುರವೆನಿಸಿಕೊಂಡಿರುವ ಬಿಜಾಪುರದ ಎರೆಭೂಮಿಯಲ್ಲಿ ಎತ್ತಿನ ಬಂಡಿಯೇ ರೈತನ ಸರ್ವಸ್ವವಾಗಿದ್ದ ಕಾಲವೊಂದಿತ್ತು. ಆಗ ಗಾಲಿಗೆ ಹಳಿ ಕಟ್ಟುವ ದಿನವೆಂದರೆ ಊರಿನ ಹುಡುಗರಿಗೆಲ್ಲ ಹಬ್ಬ. ಹೂವಿನ ಹಿಪ್ಪರಗಿಯ ಸುತ್ತಿನ ಹಳ್ಳಿಗಳಲ್ಲಿ, ಸಿಂದಗಿ, ಮುದ್ದೇಬಿಹಾಳ, ಇಂಡಿಯ ಕಡೆಯಲ್ಲಿ, ಬಡಿಗ ಮತ್ತು ಕಮ್ಮಾರ ಇಬ್ಬರೂ ಕೂಡಿಯೇ ನಡೆಸಬೇಕಾದ ಕೆಲಸವದು. ಬಡಿಗನು ಗುಂಬಕ್ಕೆ ಅರಗಳನ್ನು ಬಡಿದು, ಸುತ್ತಿನ ಮರಗಳನ್ನು ಜೋಡಿಸಿ, ಗಾಲಿಯನ್ನು ನೆಲದ ಮೇಲೆ ಅಂಗಾತ ಇಡುತ್ತಿದ್ದನು. ಕಮ್ಮಾರನು ಗಾಲಿಗಿಂತ ತುಸುವೇ ಕಿರಿದಾಗಿ ಬಾಗಿಸಿ ಬೆಸೆದ ಕಬ್ಬಿಣದ ಹಳಿಯನ್ನು ಕುಳ್ಳಿನ ಬೆಂಕಿಯಲ್ಲಿ ಹೂಳುತ್ತಿದ್ದನು. ಹದಿನಾಲ್ಕು ಅಡಿ ಸುತ್ತಳತೆಯ ಹಳಿಯು ಕೆಂಪಗೆ ಕಾದಾಗ ಒಂದು ಅಂಗುಲಕ್ಕೂ ಸ್ವಲ್ಪ ಹೆಚ್ಚಾಗಿಯೇ ಹಿಗ್ಗುತ್ತದೆ. ಆ ಒಂದು ಅಂಗುಲದ ಲೆಕ್ಕದಲ್ಲಿಯೇ ಕಮ್ಮಾರನ ಜಾಣತನವೆಲ್ಲ ಅಡಗಿತ್ತು. ನಾಲ್ಕಾರು ಜನ ಇಕ್ಕಳ ಹಿಡಿದು ಹಳಿಯನ್ನೆತ್ತಿ ಗಾಲಿಗೆ ಕೂರಿಸಿದೊಡನೆ ಮರ ಹೊತ್ತಿ ಹೊಗೆಯೇಳುವುದು. ಮರುಕ್ಷಣವೇ ಕೊಡಗಟ್ಟಲೆ ನೀರು ಸುರಿಯಬೇಕು. ಹಳಿ ಕುಗ್ಗುತ್ತ ಕುಗ್ಗುತ್ತ ಗಾಲಿಯ ಒಂದೊಂದು ಕೀಲನ್ನೂ ಬಿಗಿಹಿಡಿಯುತ್ತಿತ್ತು. ಮೊಳೆಯಲ್ಲ, ಅಂಟಲ್ಲ, ಬರಿಯ ಕಾವು ಮತ್ತು ತಣಿವು!

ಮರದ ಅಂಚನ್ನು ಕಾವಿನಿಂದ ಕಟ್ಟುವ ಈ ವಿದ್ಯೆ ಬಂಡಿಯೊಂದಿಗೆ ಹಿಂದಕ್ಕೆ ಸರಿಯಿತೆಂದು ತಿಳಿದವರು ಇಂದಿನ ಬಡಿಗನ ಅಂಗಡಿಯನ್ನೊಮ್ಮೆ ಹೊಕ್ಕು ನೋಡಬೇಕು. ಅಲ್ಲಿ ಕುಳ್ಳಿನ ಬೆಂಕಿಯಿಲ್ಲ. ಅದರ ಬದಲು ಕೂದಲು ಒಣಗಿಸುವ ಯಂತ್ರದ ಅಣ್ಣನಂತೆ ಕಾಣುವ, ಪಿಸ್ತೂಲಿನ ಆಕಾರದ ಒಂದು ಉಪಕರಣವಿದೆ. ಬಡಿಗರು ಅದನ್ನು ಹೀಟ್ ಗನ್ ಎನ್ನುತ್ತಾರೆ. ಮೂತಿಯಿಂದ ಹೊರಡುವ ಗಾಳಿ ಮುನ್ನೂರರಿಂದ ಆರುನೂರು ಡಿಗ್ರಿಯವರೆಗೆ ಕಾದಿರುತ್ತದೆ. ಆ ಗಾಳಿಯ ಮುಂದೆ ಬೆರಳಗಲದ ಪ್ಲಾಸ್ಟಿಕ್ ಪಟ್ಟಿಯೊಂದು ಮೆತ್ತಗಾಗಿ, ಹಲಗೆಯ ಬತ್ತಲೆ ಅಂಚನ್ನು ಮುಚ್ಚುತ್ತದೆ. ಇದೇ ಇಂದಿನ ಎಡ್ಜ್ ಬ್ಯಾಂಡ್. ಮನೆಯ ಕಪಾಟಿಗೆ ಕಟ್ಟುವ ಹಳಿಯೆಂದರೂ ಸಲ್ಲುತ್ತದೆ.

ಮನೆಯಲ್ಲಿ ಸಾಗವಾನಿಯ ಕಪಾಟು ಇದ್ದ ಹಿರಿಯರಿಗೆ ಈ ಪಟ್ಟಿಯ ಗೊಡವೆಯೇ ಇರಲಿಲ್ಲ. ಸಾಗವಾನಿಯ ಹಲಗೆ ಮೈಯಲ್ಲಿ ಹೇಗೋ ಅಂಚಿನಲ್ಲಿಯೂ ಹಾಗೆಯೇ. ಆದರೆ ಕಾಡಿನ ಮರ ದುರ್ಲಭವಾಗುತ್ತ ಬಂದಿತು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾಡು ಕಡಿಯುವುದಕ್ಕೆ ಕಟ್ಟುನಿಟ್ಟಾದ ಮಿತಿಗಳನ್ನು ವಿಧಿಸಿದ ಮೇಲಂತೂ, ಇಡೀ ಮರದ ಪೀಠೋಪಕರಣವು ಸಾಧಾರಣ ಸಂಸಾರಸ್ಥನ ಕೈಗೆಟುಕದ ವಸ್ತುವಾಯಿತು. ಆ ಜಾಗಕ್ಕೆ ಪ್ಲೈವುಡ್ ಬಂದಿತು. ಅದಕ್ಕಿಂತ ಅಗ್ಗವಾದ ಪಾರ್ಟಿಕಲ್ ಬೋರ್ಡೂ ಬಂದಿತು. ಮರದ ಹಾಳೆಗಳನ್ನು ಅಡ್ಡಡ್ಡಲಾಗಿ ಅಂಟಿಸಿದ್ದು ಮೊದಲನೆಯದು. ಮರದ ಚೂರುಗಳನ್ನು ಅಂಟಿನಲ್ಲಿ ಕಲಸಿ ಒತ್ತಿದ್ದು ಎರಡನೆಯದು. ಎರಡಕ್ಕೂ ಮೇಲ್ಮೈಯಲ್ಲಿ ಚೆಂದದ ಹೊದಿಕೆ ಹಾಕಬಹುದು. ಆದರೆ ಗರಗಸ ಹಾಯ್ದ ಕಡೆಯಲ್ಲಿ ಒಳಗಿನ ಗುಟ್ಟೆಲ್ಲ ಬಯಲು. ಅಲ್ಲಿ ನೋಟಕ್ಕೆ ಕುಂದು ಬರುವುದು ದೊಡ್ಡ ಮಾತಲ್ಲ. ನೀರು ಒಳಹೊಗುವ ಬಾಗಿಲು ಅದೇ ಎಂಬುದು ದೊಡ್ಡ ಮಾತು.

ಮಳೆಗಾಲ ಮುಗಿಯುವ ಹೊತ್ತಿಗೆ ಆ ಸೀಮೆಯ ಬಡಿಗರ ಅಂಗಡಿಯ ಮುಂದೆ ಇಂಥ ಮಾತು ಕೇಳಿಬರುವುದುಂಟು:

“ಬಡಿಗ್ಯಾರ, ಎರಡು ವರ್ಷ ಆಗಿಲ್ಲ, ಕಪಾಟಿನ ಬಾಗಲಾ ಹಿಂಗ ಯಾಕ ಉಬ್ಬೈತಿ?”

“ಹಲಗಿ ನೀರ ಕುಡದೈತ್ರೀ ಅಕ್ಕಾರ. ಅಂಚಿನ ಪಟ್ಟಿ ಬಿಚ್ಚಿದ್ದು ಯಾರೂ ನೋಡಿಲ್ಲ.”

ಮಗಳ ಮದುವೆಗೆಂದು ಕೂಡಿಟ್ಟ ಹಣದಲ್ಲಿ ಕೊಂಡ ಕಪಾಟು ಹೀಗಾದಾಗ ಆ ತಾಯಿಗಾಗುವ ಸಂಕಟ ಸಣ್ಣದಲ್ಲ. ಒಮ್ಮೆ ಉಬ್ಬಿದ ಪಾರ್ಟಿಕಲ್ ಬೋರ್ಡು ಬಿಸಿಲಿಗಿಟ್ಟರೂ ಮೊದಲಿನ ದಪ್ಪಕ್ಕೆ ಮರಳುವುದಿಲ್ಲ. ಈ ವಿಷಯದಲ್ಲಿ ಬಂಡಿಯ ಗಾಲಿಯೇ ಪುಣ್ಯವಂತ: ಬೇಸಿಗೆಯಲ್ಲಿ ಮರವೊಣಗಿ ಹಳಿ ಸಡಿಲಾದರೆ ಗಾಲಿಯನ್ನು ಹಳ್ಳದ ನೀರಿನಲ್ಲಿ ನೆನೆಯಿಟ್ಟರಾಯಿತು, ಮರ ಉಬ್ಬಿ ಮತ್ತೆ ಬಿಗಿಯಾಗುತ್ತಿತ್ತು. ಗಾಲಿಗೆ ಗೆಳೆಯನಾದ ನೀರೇ ಇಂದಿನ ಕಪಾಟಿಗೆ ಹಗೆ.

ಹಿಂದೆ ಪ್ಲೈವುಡ್ಡಿನ ಅಂಚಿಗೆ ಸಾಗವಾನಿಯ ತೆಳುಪಟ್ಟಿಯನ್ನು ಅಂಟು ಹಚ್ಚಿ ಸಣ್ಣ ಮೊಳೆಗಳಿಂದ ಬಡಿಯುತ್ತಿದ್ದರು. ಈಗಲೂ ಅದಕ್ಕಿಂತ ಗಟ್ಟಿಯಾದ ಕೆಲಸ ಬೇರಿಲ್ಲ. ಖರ್ಚು ಹೆಚ್ಚು, ಹೊತ್ತೂ ಹೆಚ್ಚು. ದೊಡ್ಡ ಕಾರ್ಖಾನೆಗಳಲ್ಲಾದರೆ ಅಂಟನ್ನು ಸುಮಾರು ಇನ್ನೂರು ಡಿಗ್ರಿಗೆ ಕಾಯಿಸಿ, ಪಟ್ಟಿಯನ್ನು ಉರುಳೆಗಳಿಂದ ಒತ್ತಿ, ತುದಿ ಕತ್ತರಿಸಿ ನುಣುಪು ಮಾಡುವುದನ್ನೆಲ್ಲ ಒಂದೇ ಯಂತ್ರವು ಮುಗಿಸುತ್ತದೆ. ಲಕ್ಷಗಟ್ಟಲೆ ಬೆಲೆಯ ಆ ಯಂತ್ರ ಸಣ್ಣ ಊರಿನ ಬಡಿಗನಿಗೆ ಎಲ್ಲಿಂದ ಬರಬೇಕು? ಅವನ ಪಾಲಿಗೆ ಒದಗಿದ್ದು ಹೀಟ್ ಗನ್ನು ಮತ್ತು ಬೆನ್ನಿಗೆ ಮೊದಲೇ ಅಂಟು ಬಳಿದಿರುವ ಪಟ್ಟಿ.

ಈ ಅಂಟು ಹೊಸತೆನಿಸಿದರೂ ಅದರ ಗುಣ ನಮಗೆ ಹೊಸತಲ್ಲ. ಕಾಯಿಸಿದರೆ ಕರಗುವುದು, ತಣಿದರೆ ಕಲ್ಲಾಗುವುದು ಅರಗಿನ ಸ್ವಭಾವ. ಚನ್ನಪಟ್ಟಣದ ಕುಶಲಿಗನು ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ ತಿಕ್ಕಾಟದ ಕಾವಿಗೇ ಅರಗು ಕರಗಿ ಗೊಂಬೆಯ ಮೈಗೆ ಹತ್ತಿಕೊಳ್ಳುವುದು ಇದೇ ನಿಯಮದಿಂದ. ಇಲ್ಲಿ ಅರಗಿನ ಬದಲು ರಾಸಾಯನಿಕ ಅಂಟು, ತಿಕ್ಕಾಟದ ಬದಲು ಬಿಸಿಗಾಳಿ.

ಕೆಲಸ ಹೇಳುವಷ್ಟು ಸುಲಭವಲ್ಲ. ಹದಿನೆಂಟು ಮಿಲಿಮೀಟರ್ ದಪ್ಪದ ಹಲಗೆಗೆ ಇಪ್ಪತ್ತೆರಡು ಮಿಲಿಮೀಟರ್ ಅಗಲದ ಪಟ್ಟಿ ಬೇಕು. ಎರಡೂ ಬದಿಗೆ ತುಸು ಉಳಿಯಬೇಕೆಂಬುದೇ ಇದರ ಉದ್ದೇಶ. ಉದ್ದದಲ್ಲಿಯೂ ಒಂದು ಅಂಗುಲ ಹೆಚ್ಚಿಗೆ ಕತ್ತರಿಸಿಕೊಳ್ಳುತ್ತಾರೆ. ಅಂಚಿನಲ್ಲಿ ಗರಗಸದ ಹೊಟ್ಟು ಎಳ್ಳಷ್ಟು ಉಳಿದರೂ ಅಂಟು ಮರವನ್ನು ಹಿಡಿಯದೆ ಹೊಟ್ಟನ್ನೇ ಹಿಡಿಯುತ್ತದೆ. ಅಂಟು ಬಿಚ್ಚಿದ ಪಟ್ಟಿಯ ಬೆನ್ನನ್ನು ನೋಡಿದರೆ ಎಷ್ಟೋ ಸಲ ಕಾಣಸಿಗುವುದು ಈ ಪುಡಿಯೇ. ಗನ್ನಿನ ಮೂತಿಯನ್ನು ನಾಲ್ಕು ಬೆರಳು ದೂರದಲ್ಲಿ ಹಿಡಿದು ಕೈಯನ್ನು ಆಡಿಸುತ್ತಲೇ ಇರಬೇಕು. ಒಂದೇ ಕಡೆ ನಿಂತಿತೋ, ಪಟ್ಟಿ ಸುಕ್ಕುಗಟ್ಟಿ ಕಂದುತ್ತದೆ. ಪಿವಿಸಿ ಪಟ್ಟಿ ಎಂಬತ್ತು ಡಿಗ್ರಿಯ ಆಸುಪಾಸಿಗೇ ಮೆತ್ತಗಾಗುವ ಪದಾರ್ಥ. ಗಾಳಿಯ ಕಾವಾದರೋ ಅದರ ನಾಲ್ಕೈದು ಮಡಿ! ಅತಿಯಾಗಿ ಸುಟ್ಟರೆ ಕಣ್ಣು ಗಂಟಲು ಉರಿಸುವ ಆಮ್ಲದ ಹೊಗೆಯೂ ಏಳುತ್ತದೆ. ಆದುದರಿಂದ ಕಿಟಕಿ ತೆರೆದಿಟ್ಟೇ ಕೆಲಸ ಮಾಡಬೇಕು.

ಕಾವು ಸಾಕಾಯಿತೆಂಬುದಕ್ಕೆ ಕಣ್ಣೇ ಅಳತೆಗೋಲು. ಮಂಕಾಗಿದ್ದ ಅಂಟು ತುಪ್ಪ ಸವರಿದಂತೆ ಹೊಳೆಯತೊಡಗಿದಾಗ ತಡಮಾಡದೆ ಪಟ್ಟಿಯನ್ನು ಅಂಚಿಗೆ ಕೂರಿಸಿ, ಬಟ್ಟೆ ಸುತ್ತಿದ ಮರದ ತುಂಡಿನಿಂದ ಒಂದು ತುದಿಯಿಂದ ಇನ್ನೊಂದಕ್ಕೆ ಒತ್ತುತ್ತ ಹೋಗಬೇಕು. ಇಲ್ಲಿಯೇ ಕಲಿಕೆಯ ಹುಡುಗರು ಎಡವುವುದು. ಕಾಯಿಸುವುದರಲ್ಲಿ ಅವರಿಗಿರುವ ಉತ್ಸಾಹ ಒತ್ತುವುದರಲ್ಲಿರುವುದಿಲ್ಲ. ಕಾವು ಅಂಟನ್ನು ಎಬ್ಬಿಸುತ್ತದೆ ಅಷ್ಟೇ. ಮರಕ್ಕೆ ಹಿಡಿಸುವುದು ಕೈಯ ಒತ್ತಡ. ಪೂರ್ತಿ ತಣಿಯುವ ಮೊದಲೇ ಅಂಚು ಕತ್ತರಿಸಹೋದರೆ ಪಟ್ಟಿ ಜಾರುತ್ತದೆ. ತಣಿದ ಮೇಲೆಯೇ ಉಳಿಕೆಯನ್ನು ಉಳಿಯಿಂದ ಹೆರೆದು, ಅರದಿಂದ ಉಜ್ಜಬೇಕು. ಅರವನ್ನು ಹಲಗೆಯ ಕಡೆಗೆ ನೂಕಬೇಕು. ಹೊರಕ್ಕೆಳೆದರೆ ಪಟ್ಟಿಯೂ ಎದ್ದುಬರುತ್ತದೆ. ದಪ್ಪನೆಯ ಪಟ್ಟಿಯನ್ನು ದುಂಡುಮೂಲೆಗೆ ಬಾಗಿಸಿದಾಗ ಬಿಳಿಚಿಕೊಂಡು ಗೆರೆ ಮೂಡಿದರೆ ಗಾಬರಿಪಡಬೇಕಾಗಿಲ್ಲ. ಎಳೆಗಾವು ತೋರಿಸಿದರೆ ಬಣ್ಣ ಮರಳುತ್ತದೆ.

ಒಂದು ಅಪಾಯವನ್ನು ಮಾತ್ರ ಎಷ್ಟು ಸಲ ಹೇಳಿದರೂ ತಪ್ಪಲ್ಲ. ಅಂಟು ಬಳಿಯದ ಪಟ್ಟಿಯನ್ನು ರಬ್ಬರಿನ ಅಂಟಿನಿಂದ ಕೂರಿಸುವ ವಾಡಿಕೆ ನಮ್ಮಲ್ಲಿ ಬಹಳ. ಈ ಅಂಟುಗಳಲ್ಲಿ ಸಾಮಾನ್ಯವಾಗಿರುವ ದ್ರಾವಕ ಪೆಟ್ರೋಲಿನಂತೆ ಹೊತ್ತಿಕೊಳ್ಳುವಂಥದು. ಅಂಟಿನ ಡಬ್ಬಿ ಪಕ್ಕದಲ್ಲಿ, ನೆಲದ ಮೇಲೆ ಹೊಟ್ಟು, ಕೈಯಲ್ಲಿ ಕಾದ ಗನ್ನು: ಇದು ಬೆಂಕಿಯನ್ನು ಮನೆಗೆ ಕರೆದಂತೆಯೇ ಸರಿ. ಎರಡು ಸಾವಿರ ವಾಟಿನ ಗನ್ನು ಒಂಬತ್ತು ಆಂಪಿಯರಿನಷ್ಟು ವಿದ್ಯುತ್ತನ್ನು ಎಳೆಯುವುದರಿಂದ, ದೀಪದ ಸಣ್ಣ ಪ್ಲಗ್ಗಿಗೆ ಸಿಕ್ಕಿಸುವುದೂ ಸಲ್ಲದು.

ಇಷ್ಟೆಲ್ಲ ಮಾಡಿಯೂ ಬಿಜಾಪುರದ ಬೇಸಿಗೆಯೊಂದು ಬಾಕಿಯುಳಿಯುತ್ತದೆ. ನಲವತ್ತು ಡಿಗ್ರಿ ದಾಟುವ ಬಿಸಿಲು ಪಡುವಣ ಕಿಟಕಿಯಿಂದ ನೇರವಾಗಿ ಕಪಾಟಿನ ಮೇಲೆ ಬಿದ್ದರೆ ಪ್ಲಾಸ್ಟಿಕ್ ಹಿಗ್ಗುತ್ತದೆ. ಆರು ಅಡಿಯ ಪಿವಿಸಿ ಪಟ್ಟಿ ಬಿಡಿಯಾಗಿದ್ದರೆ, ಇಪ್ಪತ್ತು ಡಿಗ್ರಿಯ ಏರಿಕೆಗೆ ಸುಮಾರು ಎರಡೂವರೆ ಮಿಲಿಮೀಟರ್ ಬೆಳೆಯುವಂಥದು. ಹಲಗೆ ಅಷ್ಟು ಬೆಳೆಯುವುದಿಲ್ಲ. ಹಗಲೆಲ್ಲ ಈ ಜಗ್ಗಾಟ, ರಾತ್ರಿ ಮತ್ತೆ ಕುಗ್ಗಾಟ. ಅಂಟು ಅರೆಬರೆ ಹಿಡಿದಿದ್ದರೆ ಮೂಲೆಯಲ್ಲಿ ಮೊದಲು ಬಾಯಿಬಿಡುತ್ತದೆ.

ಕೊಳ್ಳುವವರು ಕನ್ನಡಿಯಂಥ ಬಾಗಿಲನ್ನು ನೋಡಿ ಮರುಳಾಗುವ ಮೊದಲು ಬಗ್ಗಿ ಬಾಗಿಲಿನ ಕೆಳಗಂಚಿಗೆ ಬೆರಳಾಡಿಸಿ ನೋಡುವುದು ಒಳ್ಳೆಯದು. ಕಣ್ಣಿಗೆ ಬೀಳದ ಕೆಳಗಿನ, ಹಿಂದಿನ ಅಂಚುಗಳನ್ನು ಬತ್ತಲೆ ಬಿಡುವುದು ಅಗ್ಗದ ಕೆಲಸದ ಗುರುತು. ನೆಲ ಒರೆಸುವ ನೀರು ಏರುವುದು ಅಲ್ಲಿಂದಲೇ. ಅಡಿಗೆಮನೆಯ ನೀರಿನ ತೊಟ್ಟಿಯ ಕೆಳಗಂತೂ ಪಾರ್ಟಿಕಲ್ ಬೋರ್ಡ್ ಬೇಡವೇ ಬೇಡ. ಅಲ್ಲಿ ಎಪ್ಪತ್ತೆರಡು ಗಂಟೆ ಕುದಿಸುವ ಪರೀಕ್ಷೆಯಲ್ಲಿ ಗೆಲ್ಲಬೇಕಾದ ಐಎಸ್ 710 ಗುರುತಿನ ಪ್ಲೈವುಡ್ಡೇ ಯೋಗ್ಯ. ಅದಕ್ಕೂ ಅಂಚುಪಟ್ಟಿ ಬೇಕೇ ಬೇಕು.

ಅಂಟು ಬಳಿದ ಮರದ ತೆಳುಪಟ್ಟಿಯ ಮೂಲೆ ಈಗಷ್ಟೇ ಎದ್ದಿದ್ದರೆ ಬಡಿಗನನ್ನು ಕಾಯಬೇಕಾಗಿಲ್ಲ. ಒಳಗಿನ ಧೂಳನ್ನು ಕುಂಚದಿಂದ ತೆಗೆದು, ಮೇಲೊಂದು ಬಿಳಿಯ ಕಾಗದವಿಟ್ಟು, ಹದವಾಗಿ ಕಾದ ಇಸ್ತ್ರಿ ಪೆಟ್ಟಿಗೆಯನ್ನು ಕೆಲವು ಕ್ಷಣ ಆಡಿಸಿ, ತಣಿಯುವವರೆಗೆ ಮರದ ತುಂಡಿನಿಂದ ಒತ್ತಿಹಿಡಿದರೆ ಹಳೆಯ ಅಂಟೇ ಮತ್ತೆ ಹಿಡಿಯುತ್ತದೆ. ಹೊಸ ಕಪಾಟು ಮಾಡಿಸುವವರು ಉಳಿದ ಪಟ್ಟಿಯ ಒಂದು ಗಜದಷ್ಟನ್ನು ಬಡಿಗನಿಂದ ಕೇಳಿ ಪಡೆದು, ಸುರುಳಿ ಸುತ್ತಿ ಆ ಕಪಾಟಿನ ಒಳಗೇ ಇಟ್ಟುಕೊಳ್ಳಬೇಕು. ನಾಲ್ಕು ವರ್ಷ ಕಳೆದ ಮೇಲೆ ಅದೇ ಬಣ್ಣದ ಪಟ್ಟಿ ಅಂಗಡಿಯಲ್ಲಿ ಸಿಕ್ಕೀತೆಂಬ ಭರವಸೆಯಿಲ್ಲ.