ನಾಟಿಯ ತರುವಾಯ ಟಿಲ್ಲರು ಯಂತ್ರವನ್ನು ಕಾಪಿಡುವ ಕ್ರಮ

ಮಲೆನಾಡಿನ ತಾಲ್ಲೂಕುಗಳಲ್ಲಿ ಆಷಾಢ ಶ್ರಾವಣಗಳ ಕೆಸರುಗದ್ದೆಯ ಉಳುಮೆಯು ಮುಗಿದು ನಾಟಿಯು ಪೂರೈಸಿದೊಡನೆ ಟಿಲ್ಲರು ಯಂತ್ರಕ್ಕೆ ಬಿಡುವು ಒದಗುತ್ತದೆ. ಪೈರು ಕೊಯ್ದು ಹೊರೆ ಸಾಗಿಸುವ ಕಾಲದವರೆಗೆ, ಎಂದರೆ ನಾಲ್ಕೈದು ತಿಂಗಳು, ಅನೇಕ ಮನೆಗಳಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ. ಎತ್ತುಗಳಾದರೆ ಹೂಟೆ ಮುಗಿದ ದಿನ ಮೈತೊಳೆದು, ಹೆಗಲಿನ ಗಾಯಕ್ಕೆ ಮದ್ದು ಹಚ್ಚಿ, ಹುರುಳಿ ಬೇಯಿಸಿ ಇಕ್ಕುವ ಬೇಸಾಯಗಾರನು ಟಿಲ್ಲರನ್ನು ಮಾತ್ರ ಮೈತುಂಬ ಕೆಸರು ಸಹಿತವಾಗಿಯೇ ಕೊಟ್ಟಿಗೆಯ ಮೂಲೆಗೆ ತಳ್ಳಿಬಿಡುವುದುಂಟು.

ಯಂತ್ರವು ದುಡಿಯುವಾಗ ಸವೆಯುವುದೆಂಬುದನ್ನು ಎಲ್ಲರೂ ಬಲ್ಲರು. ಆದರೆ ಅದರ ಕೆಲವು ಭಾಗಗಳು ದುಡಿಮೆಗಿಂತಲೂ ಹೆಚ್ಚಾಗಿ ನಿಲುಗಡೆಯಿಂದಲೇ ಕೆಡುತ್ತವೆಂಬುದು ಅಷ್ಟಾಗಿ ತಿಳಿದಿಲ್ಲ. ಇದರ ಫಲವು ಮರುವರ್ಷ ಮುಂಗಾರು ಹಿಡಿದ ಮೇಲೆ ಕಾಣಿಸುತ್ತದೆ. ಹ್ಯಾಂಡಲು ತಿರುಗದು; ತಿರುಗಿದರೂ ಎಂಜಿನು ಹೊತ್ತಿಕೊಳ್ಳದು. ಆ ವಾರದಲ್ಲಿ ರಿಪೇರಿಯವನ ಅಂಗಳದಲ್ಲಿ ಊರಿನ ಯಂತ್ರಗಳೆಲ್ಲವೂ ಸಾಲಾಗಿ ನಿಂತಿರುತ್ತವೆ. ಬಾಡಿಗೆ ಕೇಂದ್ರದ ಯಂತ್ರಗಳಿಗೂ ಸರದಿಯಿರುತ್ತದೆ. ಅಷ್ಟರಲ್ಲಿ ಮಡಿಯಲ್ಲಿನ ಸಸಿಯು ಬಲಿತು, ತೆಂಡೆಯೊಡೆಯುವ ಶಕ್ತಿಯು ಕುಂದುತ್ತದೆ. ರಿಪೇರಿಯ ಖರ್ಚಿಗಿಂತ ಈ ನಷ್ಟವೇ ದೊಡ್ಡದು.

ಕೆನಡಾ ಮೊದಲಾದ ಹಿಮ ಬೀಳುವ ದೇಶಗಳಲ್ಲಿ ರೈತರು ಹೊಲದಲ್ಲಿ ಓಡಾಡುವ ತಮ್ಮ ನಾಲ್ಕು ಚಕ್ರದ ಸಣ್ಣ ವಾಹನಗಳನ್ನು ಚಳಿಗಾಲಕ್ಕೆ ಮುಂಚೆ ಕ್ರಮವಾಗಿ ಸಿದ್ಧಪಡಿಸಿ ನಿಲ್ಲಿಸುತ್ತಾರೆ. ನೀರು ಹೆಪ್ಪುಗಟ್ಟಿದರೆ ಹಿಗ್ಗಿ ಎಂಜಿನಿನ ಎರಕವನ್ನೇ ಸೀಳಿಬಿಡುವುದೆಂಬ ಭಯವು ಅಲ್ಲಿ ಎಲ್ಲರನ್ನೂ ಎಚ್ಚರಿಸುತ್ತದೆ. ಮಲೆನಾಡಿನಲ್ಲಿ ಆ ಭಯವಿಲ್ಲ. ಇಲ್ಲಿಯ ಶತ್ರುವು ಥಂಡಿಯೇ. ಅದು ಸದ್ದಿಲ್ಲದೆ ಕೆಲಸ ಮಾಡುವುದರಿಂದ ಉಪೇಕ್ಷೆಗೆ ಒಳಗಾಗಿದೆ.

ಮೊದಲನೆಯ ಕೆಲಸವು ಕೆಸರನ್ನು ತೊಳೆಯುವುದು. ಒಣಗಿದ ಕೆಸರು ಮೇಲೆ ಗಟ್ಟಿಯಾಗಿ ಕಂಡರೂ ಕಬ್ಬಿಣಕ್ಕೆ ತಗಲಿದ ಕಡೆಯಲ್ಲಿ ಬಹುಕಾಲ ತೇವವನ್ನು ಹಿಡಿದಿರುತ್ತದೆ. ತುಕ್ಕು ಅಲ್ಲಿಯೇ ಮೊದಲಾಗುತ್ತದೆ. ಎಂಜಿನು ಪೂರ್ತಿ ಆರಿದ ಮೇಲೆಯೇ ತೊಳೆಯತಕ್ಕದ್ದು. ಪಂಪಿನ ಬಿರುಸಾದ ನೀರನ್ನು ಗಾಳಿ ಸೋಸುವ ಡಬ್ಬಿಗೂ, ಹೊಗೆಕೊಳವೆಯ ಬಾಯಿಗೂ, ಅಚ್ಚುಗಳ ತುದಿಗೂ ಬಿಡಕೂಡದು.

ರೋಟರಿಯ ಅಚ್ಚನ್ನು ವಿಶೇಷವಾಗಿ ಪರೀಕ್ಷಿಸಬೇಕು. ಉಳುವಾಗ ಹುಲ್ಲು, ಬೇರು, ಪ್ಲಾಸ್ಟಿಕ್ ದಾರ ಇವು ಅಚ್ಚಿಗೆ ಸುತ್ತಿಕೊಂಡು, ತುದಿಯಲ್ಲಿರುವ ಎಣ್ಣೆತಡೆಯ ರಬ್ಬರು ಬಳೆಯನ್ನು, ಎಂದರೆ ಆಯಿಲ್ ಸೀಲನ್ನು, ಕೊಯ್ದುಬಿಡುತ್ತವೆ. ಆಗ ಎಣ್ಣೆಯು ಹೊರಕ್ಕೂ ಕೆಸರುನೀರು ಒಳಕ್ಕೂ ಹೋಗುತ್ತದೆ. ಇದನ್ನು ಕಂಡುಹಿಡಿಯಲು ಸುಲಭವಾದ ಉಪಾಯವುಂಟು. ಯಂತ್ರವನ್ನು ಒಂದು ರಾತ್ರಿ ಅಲುಗಿಸದೆ ನಿಲ್ಲಿಸಿ, ಬೆಳಗ್ಗೆ ಗೇರು ಪೆಟ್ಟಿಗೆಯ ತಳದ ಬಿರಡೆಯನ್ನು ತುಸು ಸಡಿಲಿಸಬೇಕು. ನೀರು ಎಣ್ಣೆಗಿಂತ ಭಾರವಾದ್ದರಿಂದ, ಸೇರಿದ್ದರೆ ಅದೇ ಮೊದಲು ತೊಟ್ಟಿಕ್ಕುತ್ತದೆ. ಎಣ್ಣೆಯು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೂ ನೀರು ಸೇರಿದೆಯೆಂದೇ ತಿಳಿಯಬೇಕು. ಅಂಥ ಎಣ್ಣೆಯಲ್ಲಿ ನಾಲ್ಕು ತಿಂಗಳು ನಿಂತ ಬೇರಿಂಗುಗಳು ಮುಂದಿನ ಹಂಗಾಮನ್ನು ಕಾಣುವುದು ಕಷ್ಟ. ಸೀಲನ್ನೂ ಎಣ್ಣೆಯನ್ನೂ ಆಗಲೇ ಬದಲಿಸುವುದು ಲೇಸು.

ಎಂಜಿನಿನ ಎಣ್ಣೆಯ ವಿಷಯದಲ್ಲಿ ರೈತರ ವಾಡಿಕೆಯು ತಲೆಕೆಳಗಾಗಿದೆ. ಹಳೆಯ ಎಣ್ಣೆಯಲ್ಲಿಯೇ ಯಂತ್ರವನ್ನು ನಿಲ್ಲಿಸಿ, ಮರುವರ್ಷ ಕೆಲಸ ಹಿಡಿಯುವ ಮುನ್ನ ಹೊಸದನ್ನು ಹಾಕುತ್ತಾರೆ. ಒಂದು ಲೀಟರು ಡೀಸೆಲ್ ಉರಿದರೆ ಸುಮಾರು ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹುಟ್ಟುತ್ತದೆ. ಅದರಲ್ಲಿ ಬಹುಪಾಲು ಹೊಗೆಯೊಡನೆ ಹೊರಟುಹೋದರೂ ಸ್ವಲ್ಪಾಂಶವು ಮಸಿಯೊಡನೆಯೂ ಆಮ್ಲಗಳೊಡನೆಯೂ ಎಣ್ಣೆಯಲ್ಲಿ ಸೇರುತ್ತದೆ. ೨೦೨೦ನೇ ಇಸವಿ ಏಪ್ರಿಲ್ ತಿಂಗಳಿಂದ ದೇಶದಲ್ಲೆಲ್ಲ ಮಾರುವ ಡೀಸೆಲಿನಲ್ಲಿ ಗಂಧಕವು ಹತ್ತು ಲಕ್ಷಕ್ಕೆ ೧೦ ಭಾಗವನ್ನು ಮೀರಕೂಡದೆಂಬ ನಿಯಮ ಬಂದು ಆಮ್ಲದ ಬಾಧೆ ತಗ್ಗಿದೆ, ನಿಜ, ಆದರೂ ತೀರಿಲ್ಲ. ಆದ್ದರಿಂದ ಎಂಜಿನನ್ನು ನಡೆಯಿಸಿ, ಬಿಸಿಯಿರುವಾಗಲೇ ಹಳೆಯ ಎಣ್ಣೆಯನ್ನು ಬಸಿದು, ಹೊಸ ಎಣ್ಣೆ ಹಾಕಿ, ಐದು ನಿಮಿಷ ನಡೆಯಿಸಿ ನಿಲ್ಲಿಸಬೇಕು.

ಇಂಧನದಲ್ಲಿ ಡೀಸೆಲಿಗೂ ಪೆಟ್ರೋಲಿಗೂ ಕ್ರಮವು ವಿರುದ್ಧವಾಗಿದೆ. ಡೀಸೆಲ್ ತೊಟ್ಟಿಯು ಅರೆಬರೆಯಾಗಿದ್ದರೆ ಖಾಲಿಯ ಜಾಗದಲ್ಲಿರುವ ಗಾಳಿಯ ತೇವವು ರಾತ್ರಿಯ ತಂಪಿಗೆ ಹನಿಗಟ್ಟಿ ತಳಕ್ಕಿಳಿಯುತ್ತದೆ. ಆ ನೀರಿನ ಮೇಲೆ ಸೂಕ್ಷ್ಮ ಜೀವಿಗಳು ಬೆಳೆದು ಲೋಳೆಯಾಗಿ ಫಿಲ್ಟರನ್ನು ಕಟ್ಟುತ್ತವೆ. ಆದಕಾರಣ ತಳದ ಗಷ್ಟನ್ನು ಬಸಿದು ತೊಟ್ಟಿಯನ್ನು ತುಂಬಿಡಬೇಕು. ಕಳೆ ಕತ್ತರಿಸುವ ಯಂತ್ರ, ಪೆಟ್ರೋಲಿನ ಔಷಧಿ ಪಂಪು ಇವನ್ನಾದರೋ ಖಾಲಿ ಮಾಡಿ, ಉಳಿದದ್ದು ತೀರಿ ತಾನಾಗಿ ನಿಲ್ಲುವವರೆಗೂ ನಡೆಯಿಸಬೇಕು. ಪೆಟ್ರೋಲಿನ ಹಗುರವಾದ ಅಂಶವು ಹಾರಿಹೋಗಿ ಉಳಿದದ್ದು ಅಂಟಾಗಿ ಕಾರ್ಬುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚುವುದಲ್ಲದೆ, ಈಗ ಪೆಟ್ರೋಲಿನಲ್ಲಿ ಬೆರಸುತ್ತಿರುವ ಎಥೆನಾಲ್ ಮದ್ಯಸಾರವು ಗಾಳಿಯ ತೇವವನ್ನು ಹೀರತಕ್ಕದ್ದಾಗಿದೆ.

ರೇಡಿಯೇಟರಿನಲ್ಲಿ ಬರಿಯ ನೀರಿದ್ದರೆ ಬಸಿದುಬಿಡಬೇಕು; ತುಕ್ಕುನಿರೋಧಕ ದ್ರವವಿದ್ದರೆ ಇರಲಿ. ನೀರು ತೆಗೆದ ಮೇಲೆ ಹ್ಯಾಂಡಲಿಗೊಂದು ಚೀಟಿ ಕಟ್ಟುವುದು ಒಳ್ಳೆಯದು, ಏಕೆಂದರೆ ಮುಂದೆ ಯಂತ್ರವನ್ನು ಹೊರಡಿಸುವವನು ಬೇರೊಬ್ಬನಾಗಿರಬಹುದು.

ಕಡೆಯದಾಗಿ, ಇಂಧನದ ಲಿವರನ್ನು ನಿಲುಗಡೆಗೆ ಸರಿಸಿ, ಹ್ಯಾಂಡಲನ್ನು ಮೆಲ್ಲಗೆ ತಿರುಗಿಸುತ್ತ ಬಿಗಿಯೆನಿಸುವಲ್ಲಿಗೆ ತಂದು ಬಿಡತಕ್ಕದ್ದು. ಆ ಸ್ಥಿತಿಯಲ್ಲಿ ವಾಲ್ವುಗಳೆರಡೂ ಮುಚ್ಚಿರುವುದರಿಂದ ಹೊರಗಿನ ಥಂಡಿಗಾಳಿಯು ಸಿಲಿಂಡರಿಗೆ ನುಗ್ಗಲಾರದು. ಒಂದು ವಾಲ್ವು ತೆರೆದಿದ್ದರೆ ಪಿಸ್ಟನ್ನಿನ ಬಳೆಗಳು ತುಕ್ಕಿನಿಂದ ಸಿಲಿಂಡರಿಗೆ ಅಂಟಿಕೊಳ್ಳುವ ಸಂಭವವುಂಟು. ಹ್ಯಾಂಡಲು ತಿರುಗದಿರುವುದಕ್ಕೆ ಹೆಚ್ಚಾಗಿ ಇದೇ ಕಾರಣ. ಹೊಗೆಕೊಳವೆಯ ಮೇಲೆ ತಗಡಿನ ಡಬ್ಬಿಯನ್ನು ಮಗುಚಿಡುವ ವಾಡಿಕೆಯು ಸರಿಯಾದುದೇ.

ವಾರಕ್ಕೊಮ್ಮೆ ಎರಡು ನಿಮಿಷ ಎಂಜಿನನ್ನು ನಡೆಯಿಸಿ ನಿಲ್ಲಿಸುವವರೂ ಇದ್ದಾರೆ. ಇದು ಉಪಕಾರವೆಂದು ತೋರಿದರೂ ಅಪಕಾರವೇ. ಅಷ್ಟರಲ್ಲಿ ಎಂಜಿನು ಕಾಯುವುದಿಲ್ಲ; ಹುಟ್ಟಿದ ನೀರಾವಿಯು ಒಳಗೇ ಹನಿಗಟ್ಟುತ್ತದೆ. ನಡೆಯಿಸುವುದಾದರೆ ಚೆನ್ನಾಗಿ ಕಾಯುವವರೆಗೆ, ಅರ್ಧ ಗಂಟೆಯಾದರೂ, ನಡೆಯಿಸಬೇಕು. ಇಲ್ಲವಾದರೆ ತಿಂಗಳಿಗೊಮ್ಮೆ ಇಂಧನವಿಲ್ಲದೆ ಕೈಯಿಂದಲೇ ನಾಲ್ಕು ಸುತ್ತು ತಿರುಗಿಸಿ, ಪುನಃ ಬಿಗಿಯಾದ ಸ್ಥಾನದಲ್ಲಿ ಬಿಟ್ಟರೆ ಸಾಕು. ಬ್ಯಾಟರಿಯಿದ್ದರೆ ಕಳಚಿ ಒಣಜಾಗದಲ್ಲಿಟ್ಟು ತಿಂಗಳಿಗೊಮ್ಮೆ ಚಾರ್ಜು ಮಾಡಿಸಬೇಕು.

ನಿಲ್ಲಿಸುವ ಸ್ಥಳದ ಬಗ್ಗೆ ಒಂದು ಮಾತು ಅವಶ್ಯಕ. ಗೊಬ್ಬರದ ಚೀಲಗಳ ಪಕ್ಕದಲ್ಲಿ ಯಂತ್ರವನ್ನಿಡುವುದು ಹಲವೆಡೆ ಕಂಡುಬರುತ್ತದೆ. ಗೊಬ್ಬರದ ಲವಣಗಳು ತೇವವನ್ನೆಳೆದು ನೀರಾಗಿ ಕಬ್ಬಿಣವನ್ನು ತಿನ್ನುತ್ತವೆ. ಅಡಿಕೆಯ ಸೀಮೆಯಲ್ಲಿ ಮೈಲುತುತ್ತದ ಡಬ್ಬವೂ ಅಲ್ಲಿಯೇ ಇರುತ್ತದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವವರು ಥಳಥಳಿಸುವ ಚಾಕುವನ್ನು ಅದರಲ್ಲಿ ಅದ್ದಿ, ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದೆಂದು ತಿಳಿಯುತ್ತಾರಷ್ಟೆ. ಚಾಕುವಿಗೆ ತಾಮ್ರ ಹತ್ತುವಾಗ ಅದರ ಕಬ್ಬಿಣವು ಕರಗಿ ದ್ರಾವಣಕ್ಕೆ ಹೋಗಿರುತ್ತದೆ. ಮೈಲುತುತ್ತದ ಪುಡಿ ಬಿದ್ದು ತೇವ ತಗಲಿದರೆ ರೋಟರಿಯ ಕತ್ತಿಗಳಿಗೂ ಇದೇ ಗತಿ. ಆದ್ದರಿಂದ ಕತ್ತಿಗಳಿಗೂ ಕೇಜ್ ಚಕ್ರಗಳಿಗೂ ಬಸಿದ ಹಳೆಯ ಎಣ್ಣೆಯನ್ನೇ ಬಳಿದು, ಗಾಡಿಯನ್ನು ಮರದ ದಿಮ್ಮಿಗಳ ಮೇಲೆ ನಿಲ್ಲಿಸಿ, ಗೊಬ್ಬರವನ್ನೂ ಹುಲ್ಲನ್ನೂ ದೂರವಿಡಬೇಕು. ಹುಲ್ಲಿದ್ದಲ್ಲಿ ಇಲಿಯು ಗೂಡು ಕಟ್ಟಿ ತಂತಿಗಳನ್ನು ಕಡಿಯುತ್ತದೆ. ಪ್ಲಾಸ್ಟಿಕ್ ತಾಟುಪಾಲನ್ನು ನೆಲದವರೆಗೆ ಬಿಗಿದು ಕಟ್ಟಿದರೆ ಒಳಗೆ ತೇವವು ಸಿಕ್ಕಿಕೊಳ್ಳುತ್ತದೆ. ಬೆನ್ನನ್ನು ಮಾತ್ರ ಮುಚ್ಚಿ ಪಕ್ಕಗಳಲ್ಲಿ ಗಾಳಿಯಾಡುವಂತಿರಲಿ.

ಬಿಡುವು ತೀರಿದ ಮೇಲೆ ಎಂಜಿನನ್ನು ಅವಸರದಿಂದ ಹೊತ್ತಿಸಲಾಗದು. ನೀರು, ಎಣ್ಣೆ, ಬೆಲ್ಟುಗಳ ಬಿಗಿ ಇವನ್ನು ನೋಡಿ, ಡಬ್ಬಿಯನ್ನು ತೆಗೆದು, ಇಂಧನವನ್ನು ತಡೆದಿಟ್ಟು, ಡಿಕಂಪ್ರೆಶನ್ ಲಿವರನ್ನು ಒತ್ತಿ ಹ್ಯಾಂಡಲನ್ನು ಹತ್ತಿಪ್ಪತ್ತು ಸುತ್ತು ತಿರುಗಿಸಬೇಕು. ನಾಲ್ಕು ತಿಂಗಳಲ್ಲಿ ಕೆಳಗಿಳಿದಿದ್ದ ಎಣ್ಣೆಯು ಇದರಿಂದ ಬೇರಿಂಗುಗಳಿಗೆ ತಲಪುತ್ತದೆ. ಆಮೇಲೆಯೇ ಇಂಧನವನ್ನು ಬಿಡತಕ್ಕದ್ದು.