ಜೋಡಿಸುವ ಪೀಠೋಪಕರಣ: ಯಾವ ಹಲಗೆಗೆ ಯಾವ ತಿರುಪು ಮೊಳೆ?

ಬಡಗಿಯನ್ನು ಮನೆಗೆ ಕರೆಸಿ, ತೇಗವನ್ನೋ ಹಲಸನ್ನೋ ಕೊಯ್ಸಿ ಕಪಾಟು ಮಾಡಿಸುವ ಪದ್ಧತಿ ನಗರಗಳಲ್ಲಿ ಹಿಂದೆ ಸರಿಯುತ್ತಿದೆ. ಕಪಾಟು ಈಗ ರಟ್ಟಿನ ಪೆಟ್ಟಿಗೆಯಲ್ಲಿ ಬಿಡಿ ಹಲಗೆಗಳಾಗಿ ಬರುತ್ತದೆ. ಐಕಿಯಾ ಸಂಸ್ಥೆಯು 2018ರಲ್ಲಿ ಹೈದರಾಬಾದಿನಲ್ಲಿ, 2022ರಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ಮಳಿಗೆ ತೆರೆದ ಮೇಲಂತೂ ಇಂಥ ಪೀಠೋಪಕರಣ ನಮ್ಮವರಿಗೆ ಇನ್ನಷ್ಟು ಪರಿಚಿತವಾಗಿದೆ. ಆದರೆ ಹಲಗೆಗಳೊಡನೆ ಸಣ್ಣ ಪೊಟ್ಟಣದಲ್ಲಿ ಬರುವ ತಿರುಪು ಮೊಳೆಗಳತ್ತ ಹೆಚ್ಚಿನವರ ಗಮನ ಹರಿಯುವುದಿಲ್ಲ. ಎರಡು ಕಳೆದುಹೋದರೆ ಬೀದಿ ಕೊನೆಯ ಹಾರ್ಡ್‌ವೇರ್ ಅಂಗಡಿಯಿಂದ ಹೆಚ್ಚುಕಡಿಮೆ ಹೋಲುವ ಎರಡನ್ನು ತಂದು ಬಿಗಿದರಾಯಿತು ಎಂಬ ಭಾವನೆಯೇ ಸಾಮಾನ್ಯ. ಕೆಲವು ತಿಂಗಳಲ್ಲಿ ಬಾಗಿಲು ಜೋತುಬಿದ್ದಾಗ ದೂರು ಹಲಗೆಯ ಮೇಲೆ ಹೋಗುತ್ತದೆ.

ಮರವಲ್ಲ, ಮರದ ಚೂರು

ಇಂಥ ಪೀಠೋಪಕರಣಗಳಲ್ಲಿ ಬಹುಪಾಲು ಪಾರ್ಟಿಕಲ್ ಬೋರ್ಡಿನವು. ಮರದ ಚೂರುಗಳಿಗೆ ರಾಳದ ಅಂಟನ್ನು ಬೆರೆಸಿ, ಶಾಖ ಮತ್ತು ಒತ್ತಡದಿಂದ ಅಚ್ಚು ಹಾಕಿದ ಹಲಗೆ ಇದು. ಗಟ್ಟಿ ಮರದಲ್ಲಿ ಉದ್ದನೆಯ ನಾರುಗಳು ಮೊಳೆಯನ್ನು ಅಪ್ಪಿ ಹಿಡಿಯುತ್ತವೆ. ಚೂರಿನ ಹಲಗೆಯಲ್ಲಿ ಆ ನಾರುಗಳಿಲ್ಲ. ತುದಿಯತ್ತ ಸಣ್ಣದಾಗುತ್ತ ಹೋಗುವ ಹಳೆಯ ಮಾದರಿಯ ಮರದ ತಿರುಪು ಮೊಳೆಯನ್ನು ಇದಕ್ಕೆ ಹಾಕಿದರೆ, ಅದು ಬೆಣೆಯಂತೆ ವರ್ತಿಸಿ ಹಲಗೆಯ ಅಂಚನ್ನು ಸೀಳುತ್ತದೆ.

ಚೂರಿನ ಹಲಗೆಗೆಂದೇ ತಯಾರಾಗುವ ಚಿಪ್‌ಬೋರ್ಡ್ ಸ್ಕ್ರೂಗಳ ರಚನೆಯೇ ಬೇರೆ. ಅವುಗಳ ನಡುದಂಡ ತೆಳ್ಳಗೆ, ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ದಪ್ಪ. ಸುರುಳಿ ಆಳ ಮತ್ತು ವಿರಳ. ಹಲಗೆಯನ್ನು ಒತ್ತಿ ಸೀಳದೆ, ಸುರುಳಿಗಳ ನಡುವೆ ಹೆಚ್ಚು ಚೂರನ್ನು ಉಳಿಸಿಕೊಂಡು ಅವು ಹಿಡಿತ ಸಾಧಿಸುತ್ತವೆ. ಗೋಡೆಯ ಜಿಪ್ಸಮ್ ಹಲಗೆಗೆ ಬಳಸುವ ಕಪ್ಪು ಸ್ಕ್ರೂಗಳು ಅಗ್ಗವಾಗಿ ಸಿಗುತ್ತವೆಯಾದರೂ ಪೀಠೋಪಕರಣಕ್ಕೆ ಸಲ್ಲವು. ಅವು ಗಡುಸಾಗಿದ್ದರೂ ಪೆಡಸು. ಪಕ್ಕದ ಹೊರೆ ಬಿದ್ದಾಗ ಬಾಗುವ ಬದಲು ಮುರಿಯುತ್ತವೆ.

ಯಾವುದು ಎಲ್ಲಿಗೆ?

ಒಂದು ಹಲಗೆಯ ಮೈಯಿಂದ ಇನ್ನೊಂದರ ಅಂಚಿಗೆ ಜೋಡಣೆ ಬಂದಲ್ಲಿ ಕನ್‌ಫರ್ಮಾಟ್ ಎಂಬ ದಪ್ಪ ಸ್ಕ್ರೂ ಬಳಕೆಯಲ್ಲಿದೆ. 7 ಮಿ.ಮೀ. ದಪ್ಪ, 50 ಮಿ.ಮೀ. ಉದ್ದದ್ದು ಇದರ ಸಾಮಾನ್ಯ ಅಳತೆ. ಅಂಚಿನ ಹಲಗೆಯಲ್ಲಿ 5 ಮಿ.ಮೀ. ರಂಧ್ರವನ್ನು ಮೊದಲೇ ಕೊರೆದಿರಬೇಕು. ಬಾಗಿಲಿನ ಹಿಂಜ್ ತಟ್ಟೆ ಮತ್ತು ಡ್ರಾಯರಿನ ಚಾನೆಲ್‌ಗಳಿಗೆ, ಕಾರ್ಖಾನೆಯಲ್ಲಿಯೇ 5 ಮಿ.ಮೀ. ರಂಧ್ರ ಕೊರೆದಿದ್ದರೆ, 6.3 ಮಿ.ಮೀ. ದಪ್ಪದ ಗಿಡ್ಡ ಯೂರೋ ಸ್ಕ್ರೂ ತಕ್ಕುದು. ರಂಧ್ರವಿಲ್ಲದ 18 ಮಿ.ಮೀ. ಹಲಗೆಗೆ ಲೋಹದ ಬಿಡಿಭಾಗ ಕೂರಿಸುವಾಗ 3.5 ಅಥವಾ 4 ಮಿ.ಮೀ. ದಪ್ಪ, 16 ಮಿ.ಮೀ. ಉದ್ದದ ಚಿಪ್‌ಬೋರ್ಡ್ ಸ್ಕ್ರೂ ಸಾಕು. ಅದಕ್ಕಿಂತ ಉದ್ದದ್ದನ್ನು ಹಾಕಿದರೆ ಮೊನೆ ಆಚೆಯ ಮೈಯಲ್ಲಿ ಮೂಡುವ ಅಪಾಯವಿದೆ.

ಬದಲಿ ಮೊಳೆ ತರುವಾಗ ಸರಿಯಿರುವ ಒಂದನ್ನು ಅಂಗಡಿಗೆ ಒಯ್ಯುವುದು ಲೇಸು. ಪೊಟ್ಟಣದ ಮೇಲಿನ 4×40 ಎಂಬ ಗುರುತಿನಲ್ಲಿ ಮೊದಲನೆಯದು ಸುರುಳಿಯೂ ಸೇರಿದ ದಪ್ಪ, ಎರಡನೆಯದು ಉದ್ದ. ಹಲಗೆಯೊಳಗೆ ಮುಳುಗುವ ಚಪ್ಪಟೆ ತಲೆಯ ಮೊಳೆಯಾದರೆ ಉದ್ದವನ್ನು ತಲೆಯೂ ಸೇರಿ ಅಳೆಯುತ್ತಾರೆ. ಮೇಲೆಯೇ ಉಳಿಯುವ ಗುಂಡು ತಲೆಯದಾದರೆ ತಲೆಯನ್ನು ಬಿಟ್ಟು ಅಳೆಯುತ್ತಾರೆ.

ತಲೆಯ ಮೇಲಿನ ಗೀರನ್ನೂ ನೋಡಬೇಕು. ಬರೀ ಕೂಡು ಗುರುತಿದ್ದರೆ ಅದು ಫಿಲಿಪ್ಸ್. ಕೂಡಿನ ನಡುವೆ ನಾಲ್ಕು ಸಣ್ಣ ಗೆರೆಗಳಿದ್ದರೆ ಪೋಜಿಡ್ರೈವ್. ಒಂದರ ತಿರುಪುಳಿ ಇನ್ನೊಂದಕ್ಕೆ ಹೊಂದುವಂತೆ ತೋರಿದರೂ ಬಲ ಹಾಕಿದಾಗ ಜಾರಿ ತಲೆಯನ್ನು ಸವೆಸುತ್ತದೆ.

ರಂಧ್ರಕ್ಕೆ ಒಂದೇ ಅವಕಾಶ

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಚೂರಿನ ಹಲಗೆಯ ರಂಧ್ರಕ್ಕೆ ಬಹುಮಟ್ಟಿಗೆ ಸಲ್ಲುತ್ತದೆ. ಯಂತ್ರದಿಂದ ಅತಿಯಾಗಿ ಬಿಗಿದರೆ ಸುರುಳಿಯು ಕೊರೆದ ದಾರಿ ಪುಡಿಯಾಗಿ, ಮೊಳೆ ಸುಮ್ಮನೆ ಸುತ್ತತೊಡಗುತ್ತದೆ. ಆದ್ದರಿಂದ ಕೊನೆಯ ಒಂದೆರಡು ಸುತ್ತನ್ನು ಕೈಯಿಂದಲೇ ಬಿಗಿಯಬೇಕು. ಮನೆ ಬದಲಿಸುವಾಗ ಬಿಚ್ಚಿದ ಮೊಳೆಯನ್ನು ಮತ್ತೆ ಹಾಕುವ ಮೊದಲು ಎಡಕ್ಕೆ ಮೆಲ್ಲನೆ ತಿರುಗಿಸಿದರೆ, ಹಳೆಯ ದಾರಿಗೆ ಇಳಿದು ಕುಳಿತದ್ದು ಕೈಗೆ ತಿಳಿಯುತ್ತದೆ. ಅಲ್ಲಿಂದ ಬಲಕ್ಕೆ ತಿರುಗಿಸಬೇಕು. ರಂಧ್ರ ಕೆಟ್ಟಿದ್ದರೆ ಬೆಂಕಿಕಡ್ಡಿ ತುರುಕುವುದು ತಾತ್ಕಾಲಿಕ ಉಪಾಯ ಮಾತ್ರ. ಅದನ್ನು ಅಗಲಿಸಿ, ಗಟ್ಟಿ ಮರದ ಬಿರಡೆಯನ್ನು ಅಂಟಿನೊಡನೆ ಕೂರಿಸಿ, ಒಣಗಿದ ಮೇಲೆ ಹೊಸದಾಗಿ ಕೊರೆಯುವುದೇ ಸರಿಯಾದ ಕ್ರಮ. ನೀರು ಹೀರಿ ಉಬ್ಬಿದ ಹಲಗೆಯಲ್ಲಂತೂ ಯಾವ ಮೊಳೆಯೂ ನಿಲ್ಲದು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಕಪಾಟನ್ನು ತೇವದ ಗೋಡೆಗೆ ತಾಗಿಸದಿರುವುದು ಒಳಿತು.

ಪೆಟ್ಟಿಗೆಯಲ್ಲಿ ಬಾರದ ಮೊಳೆ

ಎಲ್ಲಕ್ಕಿಂತ ಮುಖ್ಯವಾದುದು ಎತ್ತರದ ಕಪಾಟನ್ನು ಗೋಡೆಗೆ ಹಿಡಿದಿಡುವ ಮೊಳೆ. ಪಟ್ಟಿಯನ್ನು ಕೊಟ್ಟರೂ ಗೋಡೆಯ ಮೊಳೆಯನ್ನು ತಯಾರಕರು ಅನೇಕ ವೇಳೆ ಕೊಡುವುದಿಲ್ಲ. ಗೋಡೆ ಎಂಥದೆಂದು ಅವರಿಗೆ ತಿಳಿಯದು. ಗೋಡೆಗೆ ಬಿಗಿಯದ ಡ್ರಾಯರ್ ಕಪಾಟುಗಳು ಮಗುಚಿ ಮಕ್ಕಳು ಸಾವಿಗೀಡಾದ ಪ್ರಕರಣಗಳ ಬಳಿಕ, 2016ರ ಜೂನ್‌ನಲ್ಲಿ ಅಮೆರಿಕದಲ್ಲಿ ಐಕಿಯಾ ಸುಮಾರು 2.9 ಕೋಟಿ ಕಪಾಟುಗಳನ್ನು ಹಿಂದಕ್ಕೆ ಕರೆಯಿತು. 2022ರ ಡಿಸೆಂಬರಿನಲ್ಲಿ ಆ ದೇಶ ಇದಕ್ಕೆಂದೇ ಕಾನೂನು ಮಾಡಿತು. ತೆರೆದ ಡ್ರಾಯರುಗಳನ್ನು ಮೆಟ್ಟಿಲಾಗಿಸಿ ಹತ್ತುವ ಮಗುವಿನ ಭಾರಕ್ಕೆ ಕಪಾಟು ಮುಂದಕ್ಕೆ ವಾಲಲು ಕ್ಷಣ ಸಾಕು.

ನಮ್ಮ ಗೋಡೆಗಳಲ್ಲಿ ಗಾರೆಯ ಪದರಕ್ಕೆ ಹಿಡಿತವಿಲ್ಲ. ಮೊಳೆ ಮತ್ತು ಅದರ ಪ್ಲಗ್ ಗಾರೆಯನ್ನು ದಾಟಿ ಇಟ್ಟಿಗೆಯೊಳಗೆ ಕೂರಬೇಕು. ಇಟ್ಟಿಗೆಗಳ ನಡುವಿನ ಸಂದಿಯಲ್ಲಿ ಅಲ್ಲ. ಟೊಳ್ಳು ಸಿಮೆಂಟ್ ಬ್ಲಾಕಿನ ಗೋಡೆಗೆ ಒಳಗೆ ಅರಳಿ ಹಿಡಿಯುವ ಪ್ಲಗ್ ಬೇಕು. ಹಗುರ ಎಎಸಿ ಬ್ಲಾಕಿಗೆ ಅದಕ್ಕೆಂದೇ ತಯಾರಾದ ಪ್ಲಗ್ ಕೇಳಿ ತರಬೇಕು. ಗೋಡೆ ಯಾವುದೆಂಬುದು ಕೊರೆಯುವಾಗ ಬೀಳುವ ಪುಡಿಯಿಂದ ಗೊತ್ತಾಗುತ್ತದೆ: ಕೆಂಪಾದರೆ ಇಟ್ಟಿಗೆ, ಬೂದಾದರೆ ಸಿಮೆಂಟು, ಬಿಳಿಚಿಕೊಂಡು ಸಲೀಸಾಗಿ ಉದುರಿದರೆ ಎಎಸಿ.

ಪಟ್ಟಿಯನ್ನು ಬಿಗಿದ ಮೇಲೆ ಕಪಾಟಿನ ಮೇಲ್ತುದಿಯನ್ನು ಹಿಡಿದು ಮುಂದಕ್ಕೆ ಎಳೆದು ನೋಡಬೇಕು. ಅಲುಗಿದರೆ ಕೆಲಸ ಮುಗಿದಿಲ್ಲ ಎಂದೇ ಅರ್ಥ. ಬಾಡಿಗೆ ಮನೆ, ಗೋಡೆ ಕೊರೆಯಲು ಮಾಲೀಕರು ಒಪ್ಪರು ಎಂಬುದು ಹಲವರ ತೊಡಕು. ಮಕ್ಕಳಿರುವ ಮನೆಯಾದರೆ ಆ ಎರಡು ರಂಧ್ರಗಳಿಗೆ ಅನುಮತಿಯನ್ನು ಕೇಳಿಯೇ ಪಡೆಯಬೇಕು. ಸಿಗದಿದ್ದರೆ ಎತ್ತರದ ಕಪಾಟನ್ನು ಕೊಳ್ಳದಿರುವುದೇ ಉಚಿತ.