ಹಳೆ ರ್‍ಯಾಲಿಗೆ ಯಾವ ಬಿಡಿಭಾಗ ಒಪ್ಪುತ್ತದೆ?

ಹಳೆಯ ರ್‍ಯಾಲಿ ಸೈಕಲ್ಲನ್ನು ಮೂಲರೂಪಕ್ಕೆ ತರಹೊರಟವರು ಹೆಸರಿನ ಬೆನ್ನು ಹತ್ತುತ್ತಾರೆ. ಆದರೆ ಮೊದಲು ನೋಡಬೇಕಾದದ್ದು ಅಳತೆ, ಆಮೇಲೆ ಕಾಲ, ಹೆಸರು ಕೊನೆಗೆ. ಪೆಡಲ್ ಅಚ್ಚು ಕೂರುವ ಕಪ್ಪನ್ನೇ ತೆಗೆದುಕೊಳ್ಳಿ. ಬಹುಪಾಲು ಇಂಗ್ಲೆಂಡಿನ ಸೈಕಲ್‌ಗಳಲ್ಲಿ ಅದಕ್ಕೆ ಇಂಚಿಗೆ 24 ಥ್ರೆಡ್. ನಾಟಿಂಗ್‌ಹ್ಯಾಮ್‌ನ ರ್‍ಯಾಲಿ ಕಾರ್ಖಾನೆ ಬಹುಕಾಲ 26ಕ್ಕೇ ಅಂಟಿಕೊಂಡಿತ್ತು. ಸುತ್ತಳತೆ ಒಂದೇ ಆದ್ದರಿಂದ ತಪ್ಪು ಕಪ್ಪು ಕೂಡ ಸ್ವಲ್ಪ ಒಳಹೋಗಿ ನಂಬಿಸುತ್ತದೆ. ಬಲವಂತ ಮಾಡಿದರೆ ಫ್ರೇಮೇ ಕೆಡುತ್ತದೆ. ಕಾಲ ತಿಳಿಯಲು ಸ್ಟರ್ಮಿ-ಆರ್ಚರ್ ಗೇರ್ ಹಬ್ ಸಹಾಯಕ: ಎರಡನೇ ಮಹಾಯುದ್ಧದ ನಂತರದ ಹಬ್‌ಗಳ ಮೇಲೆ ಸಾಮಾನ್ಯವಾಗಿ ವರ್ಷ, ತಿಂಗಳು ಒತ್ತಿರುತ್ತವೆ. 58, 7 ಎಂದಿದ್ದರೆ ಜುಲೈ 1958. ಆದರೆ ಅದು ಹಬ್ಬಿನ ಜಾತಕ, ಫ್ರೇಮಿನದಲ್ಲ, ಚಕ್ರ ಬದಲಾಗಿರಬಹುದು.

ದೇಶೀ ಭಾಗ ಹಾಕಿದರೆ ಅಸಲಿತನ ಹೋಯಿತೆಂಬ ಆಕ್ಷೇಪ ನನಗೆ ಒಪ್ಪಿಗೆಯಿಲ್ಲ. 1950ರ ದಶಕದಲ್ಲೇ ಆಸನ್ಸೋಲ್‌ನ ಸೆನ್-ರ್‍ಯಾಲಿ ಕಾರ್ಖಾನೆ ಇಲ್ಲೇ ರ್‍ಯಾಲಿ ತಯಾರಿಸುತ್ತಿತ್ತು. ಮದ್ರಾಸಿನ ಅಂಬತ್ತೂರಿನಲ್ಲಿ ಟಿಐ ಸಂಸ್ಥೆ ಹರ್ಕ್ಯುಲಿಸ್ ಮಾಡುತ್ತಿತ್ತು. ಸೆನ್-ರ್‍ಯಾಲಿ ಫ್ರೇಮಿಗೆ ನಾಟಿಂಗ್‌ಹ್ಯಾಮ್‌ನ ಬಿಡಿಭಾಗವೇ ಹೊರಗಿನದು! ಬೆಂಗಳೂರಿನವರಿಗೆ ಈ ದೇಶೀ ತಯಾರಿಕೆಯಿಂದ ಅನುಕೂಲವೂ ಉಂಟು. ಹಾಲು, ಗ್ಯಾಸ್ ಸಿಲಿಂಡರ್ ಹೊತ್ತ ಕಪ್ಪು ಸೈಕಲ್‌ಗಳು ಅದೇ ಹಳೆ ಅಳತೆ ಉಳಿಸಿಕೊಂಡದ್ದರಿಂದ 28x1½ ಟೈರು, ಕಡ್ಡಿ ಬ್ರೇಕು, ಕಾಟರ್ ಪಿನ್ನುಗಳನ್ನು ವಿದೇಶದಿಂದ ತರಿಸುವ ಮುನ್ನ ಶಿವಾಜಿನಗರದ ಗುಜರಿಯಲ್ಲಿ, ಹಳೆ ಸೈಕಲ್ ಅಂಗಡಿಗಳಲ್ಲಿ ಹುಡುಕಬಹುದು. ಸುರಕ್ಷತೆಗೆ ಎಲ್ಲವೂ ಹೊಸದಿರಲಿ ಎನ್ನುವವರ ಮಾತು ಅರ್ಧ ಸರಿ: ಟೈರು, ಬ್ರೇಕ್ ರಬ್ಬರು, ಕಾಟರ್ ಪಿನ್ನು ಹೊಸದೇ ಬೇಕು. ಮಡ್‌ಗಾರ್ಡ್, ಚೈನ್ ಕವರುಗಳಿಗೆ ಆ ನಿಯಮ ಬೇಕಿಲ್ಲ.